ಆರು ಗಂಟೆ ಎರಡು ನಿಮಿಷದ ಸುದ್ದಿ

ನದಿ ಕಡಲು ಸೇರುವ ಅಳಿವೆಯ ಈ ದಡದವರೆಲ್ಲ ಅವಳನ್ನು ಕರೆಯುತ್ತಿದ್ದುದು ಕೌಂಟರಕ್ಕ ಎಂದು. ಲಾಂಚು ನಿಲ್ಲುವ ಧಕ್ಕೆಯ ಟಿಕೆಟ್ ಕೌಂಟರಿನಲ್ಲಿ ಅವಳು ಹತ್ತೊಂಬತ್ತು ವರ್ಷ ಕೂತಿದ್ದಳು. ಟಿಕೆಟ್ ಕೊಡುವ ಯಂತ್ರ ಬಂದ ವರ್ಷ ಕೆಲಸ ಹೋಯಿತು, ಹೆಸರು ಉಳಿಯಿತು. "ಮನೆಗೆ ಹೋಗ್ತೀರೋ, ಕಂಪ್ಯೂಟರ್ ಕಲೀತೀರೋ, ನೀವೇ ಹೇಳಿ" ಎಂದು ಮ್ಯಾನೇಜರು ಕೇಳಿದ ಮರುದಿನವೇ ಅವಳು ಸಂಜೆ ತರಗತಿಗೆ ಹೆಸರು ಕೊಟ್ಟು ಬಂದಳು. ಆಗ ಅವಳಿಗೆ ನಲವತ್ತನಾಲ್ಕು. ತರಗತಿಯಲ್ಲಿ ಮಿಕ್ಕವರೆಲ್ಲ ಅವಳ ಅರ್ಧ ವಯಸ್ಸಿನವರು. ಮೊದಲ ತಿಂಗಳು ಎಲ್ಲವೂ ಕಬ್ಬಿಣದ ಕಡಲೆ. ಆದರೆ ಟಿಕೆಟ್ ಕೌಂಟರಿನಲ್ಲಿ ಕೂತು ಪಳಗಿದವರಿಗೆ ಒಂದು ಗುಣ ಬಂದುಬಿಟ್ಟಿರುತ್ತದೆ. ಸಾಲಿನ ಹಿಂದಿನವರು ಎಷ್ಟೇ ಗಲಾಟೆ ಮಾಡಲಿ, ಮುಂದೆ ನಿಂತವನ ಕೆಲಸ ಮುಗಿಸದೆ ಅವರು ಇನ್ನೊಬ್ಬರನ್ನು ಕರೆಯುವುದಿಲ್ಲ. ಕೋಡನ್ನೂ ಅವಳು ಹಾಗೆಯೇ ಕಲಿತಳು. ಒಂದು ಸಾಲು ಅರ್ಥವಾಗದೆ ಮುಂದಿನ ಸಾಲಿಗೆ ಕಣ್ಣು ಹಾಯಿಸಲಿಲ್ಲ.

ಎರಡು ವರ್ಷ ಕಳೆಯುವುದರೊಳಗೆ ಲಾಂಚು ಕಚೇರಿಯ ವೆಬ್‌ಸೈಟು ಅವಳ ಸುಪರ್ದಿಗೆ ಬಂತು. ಕೂರುವ ಜಾಗ ಮಾತ್ರ ಅದೇ ಹಳೆಯ ಕೌಂಟರು. ಗಾಜಿನಲ್ಲಿ ಚಿಲ್ಲರೆ ತಳ್ಳುವ ಅರ್ಧಚಂದ್ರದ ಕಂಡಿ ಇನ್ನೂ ಇತ್ತು. ಅದಕ್ಕೆ ಬಾಯಿಟ್ಟು "ಅಕ್ಕಾ, ಇವತ್ತು ಲಾಂಚು ಇದೆಯಾ?" ಎಂದು ಕೇಳುವವರೂ ಇದ್ದರು.

ಅದು ಸಣ್ಣ ಪ್ರಶ್ನೆಯೇನಲ್ಲ. ಆಸ್ಪತ್ರೆ, ಕಾಲೇಜು, ಕಾರ್ಖಾನೆ ಎಲ್ಲ ಇದ್ದದ್ದು ಆಚೆ ದಡದಲ್ಲಿ. ಬೆಳಗಿನ ಏಳೂವರೆಯ ಲಾಂಚು ಇಪ್ಪತ್ತು ನಿಮಿಷದಲ್ಲಿ ಆಚೆ ಮುಟ್ಟಿಸುತ್ತದೆ. ಗಾಳಿ ಎದ್ದರೆ ಲಾಂಚು ಹೊರಡುವುದಿಲ್ಲ. ಆಗ ಸೇತುವೆ ಬಳಸಿ ಹೋಗುವ ಬಸ್ಸೇ ಗತಿ, ಅದಕ್ಕೆ ಎರಡೂಮುಕ್ಕಾಲು ಗಂಟೆ. ಆ ಬಸ್ಸು ಬಿಡುವುದು ಆರು ಇಪ್ಪತ್ತಕ್ಕೆ, ಅದು ತಪ್ಪಿದರೆ ಹತ್ತು ಗಂಟೆಯವರೆಗೆ ಇನ್ನೊಂದಿಲ್ಲ. ಅಂದರೆ ಏಳೂವರೆಗೆ ಲಾಂಚು ಹೋಗುತ್ತದೋ ಇಲ್ಲವೋ ಎನ್ನುವುದು ಆರು ಇಪ್ಪತ್ತರೊಳಗೆ ತಿಳಿಯಬೇಕು. ತಿಳಿಯದಿದ್ದರೆ ಅತ್ತ ಲಾಂಚೂ ಇಲ್ಲ, ಇತ್ತ ಬಸ್ಸೂ ಇಲ್ಲ.

ಅದನ್ನು ತೀರ್ಮಾನಿಸುವವನು ಲಾಂಚಿನ ಕ್ಯಾಪ್ಟನ್. ಅವನು ಕೌಂಟರಕ್ಕನ ಒಡಹುಟ್ಟಿದ ತಮ್ಮ. ಮಾತು ಕಡಿಮೆ, ಮೀಸೆ ಜಾಸ್ತಿ. ಬೆಳಿಗ್ಗೆ ಆರರ ಸುಮಾರಿಗೆ ಧಕ್ಕೆಯ ತುದಿಯಲ್ಲಿ ನಿಂತು, ನೀರನ್ನೂ ಆಕಾಶವನ್ನೂ ನೋಡಿ, ಹೆಬ್ಬೆರಳಿನಿಂದ ಸಾಮಾಜಿಕ ಜಾಲತಾಣದಲ್ಲಿ ಒಂದು ಸಾಲು ಹಾಕುತ್ತಿದ್ದ. ‘ಏಳೂವರೆ ಇದೆ.’ ಇಲ್ಲವೇ, ‘ಏಳೂವರೆ ಇಲ್ಲ.’ ಬಸ್ ಡಿಪೋದವರೂ ಸೇತುವೆ ಕಚೇರಿಯವರೂ ತಂತಮ್ಮ ಸುದ್ದಿಯನ್ನು ಅದೇ ಜಾಲತಾಣದಲ್ಲಿ ಹಾಕುತ್ತಿದ್ದರು. ಆದರೆ ಅದನ್ನು ಓದಬೇಕಾದರೆ ಖಾತೆ ಬೇಕು, ಪಾಸ್‌ವರ್ಡ್ ಬೇಕು. ಅದೆಲ್ಲ ಇದ್ದರೂ ಮೊನ್ನೆಯ ಸುದ್ದಿ ಮೇಲೆ, ಇವತ್ತಿನದು ಎಲ್ಲೋ ಕೆಳಗೆ. ಅದಕ್ಕೇ ಕೌಂಟರಕ್ಕ ‘ಇವತ್ತಿನ ದಾರಿ’ ಎಂಬ ಪುಟ ಮಾಡಿದಳು. ಅವಳ ಸರ್ವರ್ ಜಾಲತಾಣದ ಬಾಗಿಲು ತಟ್ಟಿ ಮೂವರ ಕೊನೆಯ ಸುದ್ದಿಯನ್ನೂ ಕೇಳಿ ತಂದು ಒಂದರ ಕೆಳಗೊಂದು ಇಡುತ್ತಿತ್ತು. ಖಾತೆ ಬೇಡ, ಪಾಸ್‌ವರ್ಡ್ ಬೇಡ. ಒಂದೇ ತಿಂಗಳಲ್ಲಿ ಊರಿಗೆ ಊರೇ ಆ ಪುಟವನ್ನು ಹಿಡಿದುಕೊಂಡಿತು.

ತೊಂದರೆ ಶುರುವಾದದ್ದೂ ಅಲ್ಲಿಂದಲೇ. ಬಿಸಿಲಿದ್ದ ದಿನ ಪುಟ ಚೆನ್ನಾಗಿಯೇ ಬರುತ್ತಿತ್ತು. ಗಾಳಿ ಎದ್ದ ಬೆಳಿಗ್ಗೆ, ಬೇಕೇಬೇಕು ಅನ್ನುವ ಹೊತ್ತಿಗೆ, ಪುಟ ಬೆಳ್ಳಗೆ ಬೋಳಾಗಿ ಕೂರುತ್ತಿತ್ತು.

"ಅಕ್ಕ, ಗಾಳಿ ಬಂದ್ರೆ ನನ್ನ ಲಾಂಚಿಗಿಂತ ಮುಂಚೆ ನಿನ್ನ ಪುಟ ಹೆದರಿಕೊಳ್ಳುತ್ತೆ" ಎಂದ ತಮ್ಮ.

"ನಿನ್ನ ಲಾಂಚು ನಡೆಸೋಕೆ ಎಂಟು ಜನ ಇದಾರೆ. ಇಲ್ಲಿ ನಾನೊಬ್ಬಳೇ" ಎಂದಳು. ಹಾಗೆಂದವಳು ಸುಮ್ಮನೆ ಕೂರಲಿಲ್ಲ, ಕಾರಣ ಹುಡುಕಿದಳು. ಜಾಲತಾಣದವರ ನಿಯಮ ಸರಳವಾಗಿತ್ತು. ಒಂದು ಸರ್ವರ್ ಗಂಟೆಗೆ ಇನ್ನೂರು ಸಲ ಕೇಳಬಹುದು. ಅದಕ್ಕಿಂತ ಹೆಚ್ಚು ಕೇಳಿದರೆ ಆ ಗಂಟೆ ಮುಗಿಯುವವರೆಗೆ ಉತ್ತರವಿಲ್ಲ. ಒಬ್ಬರು ಪುಟ ತೆರೆದರೆ ಅವಳ ಸರ್ವರ್ ಮೂರು ಸಲ ಕೇಳುತ್ತಿತ್ತು. ಅರವತ್ತಾರು ಜನ ತೆರೆಯುವ ಹೊತ್ತಿಗೆ ಕೋಟಾ ಖಲಾಸ್. ಅರವತ್ತೇಳನೆಯವರಿಗೆ ಖಾಲಿ ಪುಟ. ಗಾಳಿಯ ದಿನ ಆರರಿಂದ ಆರೂಕಾಲರೊಳಗೆ ಮುನ್ನೂರು ಜನ ತೆರೆಯುತ್ತಿದ್ದರು.

ಮುನ್ನೂರು ಜನರೂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಬರುತ್ತಿದ್ದದ್ದು ಒಂದೇ ಉತ್ತರ. ಹಾಗಿದ್ದ ಮೇಲೆ ಒಂದು ಸಲ ಕೇಳಿ, ಬಂದ ಉತ್ತರವನ್ನು ತನ್ನ ಸರ್ವರಿನಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡು, ಬಂದವರಿಗೆಲ್ಲ ಅದನ್ನೇ ತೋರಿಸಿದರೆ ಸಾಕಲ್ಲ! ಈ ಉಪಾಯ ಅವಳೇನೂ ಕಂಡುಹಿಡಿದದ್ದಲ್ಲ, ಎಲ್ಲರೂ ಮಾಡುವುದೇ. ಅದಕ್ಕೆ ಕ್ಯಾಶ್ ಎಂಬ ಹೆಸರೂ ಇದೆ.

"ಸರ್, ನಮ್ಮ ಪುಟಕ್ಕೆ ಕ್ಯಾಶ್ ಬೇಕು" ಎಂದು ಅವಳು ಹೋಗಿ ಹೇಳಿದಾಗ ಮ್ಯಾನೇಜರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕ್ಯಾಶ್ ಎಲ್ಲಿಂದ ತರೋಣ ತಾಯಿ? ಈ ವರ್ಷ ಕಚೇರಿಗೆ ಫ್ಯಾನೇ ಬಂದಿಲ್ಲ."

"ಆ ಕ್ಯಾಶ್ ಅಲ್ಲ ಸರ್. ಇದು ಪುಕ್ಕಟೆ."

"ಪುಕ್ಕಟೆ ಕ್ಯಾಶಾ? ಹಾಗಾದ್ರೆ ನನಗೂ ಸ್ವಲ್ಪ ಇರಲಿ" ಎಂದು ನಕ್ಕು ಒಪ್ಪಿದರು.

ಎಲ್ಲವನ್ನೂ ತಾನೇ ಬರೆಯುವ ಬದಲು, ಯಾರೋ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಲೈಬ್ರರಿಯೊಂದನ್ನು ಅವಳು ಹುಡುಕಿದಳು. ಲೈಬ್ರರಿ ಅಂದರೆ ಪುಸ್ತಕದ ಮನೆಯಲ್ಲ, ಸಿದ್ಧ ಕೋಡಿನ ಕಟ್ಟು; ನಮ್ಮ ಕೋಡಿಗೆ ಅದನ್ನು ಜೋಡಿಸಿಕೊಂಡರೆ ಆಯಿತು. ಬರೆದವನು ಯಾವ ದೇಶದವನೋ ಏನೋ, ‘ಒಂಟಿಕಾಲ ಕೊಕ್ಕರೆ’ ಎಂದು ಹೆಸರಿಟ್ಟುಕೊಂಡಿದ್ದ. ಹೇಗೆ ಬಳಸಬೇಕು ಎಂಬ ಟಿಪ್ಪಣಿಯಲ್ಲಿ ಒಂದು ಸಾಲಿತ್ತು: ಹದಿನೈದು ನಿಮಿಷಕ್ಕೊಮ್ಮೆ ಹೊಸ ಉತ್ತರ ಕೇಳುತ್ತದೆ, ಉತ್ತರ ಬರದಿದ್ದರೆ ಹಳೆಯದನ್ನೇ ಮತ್ತೆ ಹದಿನೈದು ನಿಮಿಷ ಇಟ್ಟುಕೊಳ್ಳುತ್ತದೆ, ನಿಮ್ಮ ಪುಟ ಎಂದಿಗೂ ಖಾಲಿ ಕಾಣುವುದಿಲ್ಲ.

ಖಾಲಿ ಪುಟದಿಂದ ಬೇಸತ್ತಿದ್ದವಳಿಗೆ ಅದನ್ನು ಓದಿ ಹಾಲು ಕುಡಿದಷ್ಟು ಸಂತೋಷವಾಯಿತು. ಐದು ಸಾಲು ಸೇರಿಸಿದಳು. ಒಂದೊಂದು ಸಾಲನ್ನೂ ಅರ್ಥಮಾಡಿಕೊಂಡೇ ಮುಂದೆ ಹೋಗುತ್ತಿದ್ದವಳು ಆವತ್ತು ಆ ಕಟ್ಟನ್ನು ಬಿಚ್ಚಿ ನೋಡದೆ ಹಾಗೆಯೇ ಜೋಡಿಸಿಬಿಟ್ಟಳು.

ಎರಡು ತಿಂಗಳು ಪುಟ ಕಲ್ಲುಬಂಡೆಯ ಹಾಗೆ ನಿಂತಿತು. ನಾಲ್ಕು ಸಲ ಗಾಳಿ ಬಂತು, ನಾಲ್ಕು ಸಲವೂ ಪುಟ ಅಲುಗಲಿಲ್ಲ. ಮ್ಯಾನೇಜರು ಸಿಕ್ಕಸಿಕ್ಕವರಿಗೆಲ್ಲ "ನಮ್ಮ ಪುಕ್ಕಟೆ ಕ್ಯಾಶು" ಎಂದು ಹೇಳಿಕೊಂಡು ಓಡಾಡಿದರು.

ಐದನೆಯ ಗಾಳಿ ಒಂದು ಬುಧವಾರ ಬಂತು.

ಅವತ್ತು ಬೆಳಗಾದಾಗ ಗಾಳಿ ಇರಲೇ ಇಲ್ಲ. ಐದು ಐವತ್ತೆಂಟಕ್ಕೆ ತಮ್ಮ ‘ಏಳೂವರೆ ಇದೆ’ ಎಂದು ಹಾಕಿದ. ಆರು ಎರಡಕ್ಕೆ ಅವಳ ಸರ್ವರ್ ಅದನ್ನು ಕೇಳಿ ತಂದಿಟ್ಟುಕೊಂಡಿತು. ಆರು ಐದಕ್ಕೆ ಅಳಿವೆಯ ಬಾಯಲ್ಲಿ ನೀರಿನ ಬಣ್ಣ ಬದಲಾಯಿತು. ಆರು ಆರಕ್ಕೆ ಅವನು ‘ಏಳೂವರೆ ಇಲ್ಲ. ಬಸ್ಸಿಗೆ ಹೋಗಿ’ ಎಂದು ಹಾಕಿದ. ಅವನ ಕೆಲಸ ಅವನು ಮಾಡಿದ್ದ. ಆದರೆ ಪುಟದ ಮೇಲೆ ‘ಏಳೂವರೆ ಇದೆ’ ಹಾಗೆಯೇ ಇತ್ತು. ಆರು ಹದಿನೇಳಕ್ಕೆ ಸರ್ವರ್ ಹೊಸ ಸುದ್ದಿ ಕೇಳಲು ಹೋಯಿತು. ಆ ಹೊತ್ತಿಗೆ ಜಾಲತಾಣದ ಕಡೆಯೇ ಏನೋ ಕೆಟ್ಟಿತ್ತು, ಉತ್ತರ ಬರಲಿಲ್ಲ. ಟಿಪ್ಪಣಿಯಲ್ಲಿ ಹೇಳಿದ್ದಂತೆಯೇ ಲೈಬ್ರರಿ ನಡೆದುಕೊಂಡಿತು. ಹಳೆಯದಕ್ಕೆ ಇನ್ನೂ ಹದಿನೈದು ನಿಮಿಷದ ಆಯಸ್ಸು ಕೊಟ್ಟಿತು. ಆರು ಇಪ್ಪತ್ತಕ್ಕೆ ಬಸ್ಸು ಅರ್ಧ ಖಾಲಿಯಾಗಿ ಹೊರಟುಹೋಯಿತು.

ಏಳೂಕಾಲಿಗೆ ಧಕ್ಕೆಯಲ್ಲಿ ಎಪ್ಪತ್ತು ಜನ ನಿಂತಿದ್ದರು. ಅವರಲ್ಲಿ ನಿವೃತ್ತ ಡ್ರಾಯಿಂಗ್ ಮೇಷ್ಟ್ರೂ ಅವರ ಹೆಂಡತಿಯೂ ಇದ್ದರು. ಮೇಷ್ಟ್ರ ಮೂತ್ರಪಿಂಡ ಕೈಕೊಟ್ಟು ಮೂರು ವರ್ಷವಾಗಿತ್ತು. ಸೋಮವಾರ, ಬುಧವಾರ, ಶುಕ್ರವಾರ ಆಚೆ ದಡದ ಆಸ್ಪತ್ರೆಯಲ್ಲಿ ಒಂಬತ್ತೂವರೆಗೆ ಡಯಾಲಿಸಿಸ್. ಗಾಲಿಕುರ್ಚಿಯನ್ನು ತಳ್ಳುತ್ತಾ ಧಕ್ಕೆಗೆ ಬಂದಿದ್ದ ಆಕೆ, ಗಾಳಿಗೆ ಬೆನ್ನುಕೊಟ್ಟು ಗಂಡನಿಗೆ ಮರೆಯಾಗಿ ನಿಂತಿದ್ದರು.

ಜನ ಕ್ಯಾಪ್ಟನ್ ಮೇಲೆ ಮುಗಿಬಿದ್ದರು. "ಹೋಗ್ತೀನಿ ಅಂತ ಬರೆದು ಈಗ ಹೋಗಲ್ಲ ಅಂದ್ರೆ ಏನರ್ಥ?" "ನಿನ್ನ ನಂಬಿ ಬಸ್ ಬಿಟ್ವಿ!" ಎಂದು ಕೂಗಿದರು. ಅವನು ಕೈಕಟ್ಟಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಫೋನಿನಲ್ಲಿದ್ದ ಆರು ಆರರ ಸಾಲನ್ನು ಯಾರಿಗೂ ತೋರಿಸಲಿಲ್ಲ.

ಹತ್ತರ ಬಸ್ಸಿನಲ್ಲಿ ಹೋದ ಮೇಷ್ಟ್ರಿಗೆ ಅವತ್ತಿನ ಸರದಿ ತಪ್ಪಿತು. ಮರುದಿನ ಬನ್ನಿ ಎಂದರು. ಮರುದಿನ ಬೆಳಗಾಗುವಷ್ಟರಲ್ಲಿ ಅವರಿಗೆ ಉಸಿರು ಕಟ್ಟತೊಡಗಿ, ಆಂಬುಲೆನ್ಸ್ ಸೇತುವೆ ಬಳಸಿ ಓಡಬೇಕಾಯಿತು. ಜೀವಕ್ಕೆ ಅಪಾಯವಾಗಲಿಲ್ಲ. ಆದರೆ ಐದು ದಿನ ಆಸ್ಪತ್ರೆಯಲ್ಲೇ ಇರಬೇಕಾಯಿತು.

ಕೌಂಟರಕ್ಕ ಬುಧವಾರ ಮಧ್ಯಾಹ್ನವೇ ಸರ್ವರಿನ ದಾಖಲೆ ತೆಗೆದು ನಿಮಿಷ ನಿಮಿಷವಾಗಿ ಓದಿದ್ದಳು. ಆರು ಎರಡು. ಆರು ಹದಿನೇಳು. ಆರು ಮೂವತ್ತೆರಡು, ಆಗಲೂ ಉತ್ತರವಿಲ್ಲ. ಎಲ್ಲ ಅಲ್ಲೇ ಇತ್ತು. ತಮ್ಮನನ್ನು ಕರೆದು ಕೇಳಿದಳು, "ನೀನು ಆರು ಆರಕ್ಕೇ ಹಾಕಿದೀಯ. ಯಾಕೋ ಹೇಳಲಿಲ್ಲ?"

ಅವನು ಮೀಸೆ ನೀವಿಕೊಂಡ. "ಹೇಳಿದ್ರೆ ನಿನ್ನ ಕಡೆ ಬರ್ತಿದ್ರು. ನನ್ನನ್ನ ಬೈದ್ರೆ ಬೈಕೊಳ್ಳಲಿ, ನನಗೇನು ಹೊಸದಾ? ನಿನಗೆ ಈ ಕೆಲಸ ಸಿಕ್ಕಿದ್ದೇ ಕಷ್ಟಪಟ್ಟು."

"ನನ್ನ ತಪ್ಪಿಗೆ ನೀನು ಬೈಸ್ಕೊಂಡ್ರೆ ನನಗೆ ಊಟ ಸೇರುತ್ತೇನೋ?"

ಶನಿವಾರ ಧಕ್ಕೆಯ ಕಾಯುವ ಕೋಣೆಯಲ್ಲಿ ಮ್ಯಾನೇಜರು ಸಭೆ ಕರೆದರು. ಬಾಗಿಲಿಗೆ ಅಂಟಿಸಲು ಒಂದು ಪ್ರಕಟಣೆಯನ್ನೂ ಸಿದ್ಧಮಾಡಿಟ್ಟುಕೊಂಡಿದ್ದರು: ‘ಸಾಮಾಜಿಕ ಜಾಲತಾಣದ ತಾಂತ್ರಿಕ ದೋಷದಿಂದ ಪ್ರಯಾಣಿಕರಿಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ.’ ಸಭೆಗೆ ಮುಂಚೆ ಅವಳಿಗೆ ಓದಲು ಕೊಟ್ಟರು. ಅವಳು ಎರಡು ಸಲ ಓದಿದಳು. ಬಿಡಿಬಿಡಿಯಾಗಿ ನೋಡಿದರೆ ಒಂದೊಂದು ಪದವೂ ನಿಜ. ಒಟ್ಟಿಗೆ ಓದಿದರೆ ಸುಳ್ಳು.

"ಇದು ಬೇಡ ಸರ್" ಎಂದಳು.

"ದೋಷ ಅವರ ಕಡೆ ಆಗಿದ್ದು ಹೌದೋ ಅಲ್ವೋ?"

"ಹೌದು. ಆದ್ರೆ ಹಳೇ ಸುದ್ದೀನ ಹೊಸದು ಅಂತ ತೋರಿಸಿದ್ದು ಅವರಲ್ಲ, ನಾನು."

"ಯಾರಿಗೂ ಗೊತ್ತಾಗಲ್ಲ ತಾಯಿ. ಸುಮ್ನೆ ಇರೋ ಗಾಯಾನ ಕೆರೆದು ಹುಣ್ಣು ಮಾಡ್ಕೋಬೇಡಿ."

ಸಭೆಯಲ್ಲಿ ಐವತ್ತು ಜನ ಇದ್ದರು. ಮ್ಯಾನೇಜರು ಕಾಗದ ಬಿಚ್ಚುವ ಮುಂಚೆ ಅವಳು ಎದ್ದು ನಿಂತಳು. ಕುರ್ಚಿಯ ಬೆನ್ನು ಹಿಡಿದುಕೊಂಡಳು. ಆದದ್ದನ್ನೆಲ್ಲ ಗಂಟೆ ನಿಮಿಷ ಸಮೇತ ಹೇಳಿದಳು. ಕ್ಯಾಪ್ಟನ್ ಸರಿಯಾದ ಹೊತ್ತಿಗೆ ಸುದ್ದಿ ಕೊಟ್ಟಿದ್ದ ಎಂದಳು. ಇಟ್ಟುಕೊಂಡ ಸುದ್ದಿ ಎಷ್ಟು ಹಳೆಯದು ಎಂದು ಪುಟ ಹೇಳಬೇಕಿತ್ತು, ಹೇಳಲಿಲ್ಲ ಎಂದಳು. "ಜೋಡಿಸಿದವಳು ನಾನು. ಒಳಗೆ ಏನಿದೆ ಅಂತ ಓದದೇ ಜೋಡಿಸಿದೆ."

ಯಾರೋ ಹಿಂದಿನಿಂದ "ಇವಳನ್ನ ಟಿಕೆಟ್ ಹರಿಯೋಕೇ ಬಿಡಬೇಕಿತ್ತು" ಎಂದರು. ಒಬ್ಬಿಬ್ಬರು ನಕ್ಕರು. ಅವಳು ಕೂರಲಿಲ್ಲ.

ಮೇಷ್ಟ್ರ ಹೆಂಡತಿ ಮೊದಲ ಸಾಲಿನಲ್ಲಿ ಕೂತಿದ್ದರು. ಆಸ್ಪತ್ರೆಯಿಂದ ನೇರ ಬಂದಿದ್ದರು, ಮಡಿಲಲ್ಲಿ ಗಂಡನ ಬಟ್ಟೆಯ ಚೀಲ. ಅವರು ನಗಲೂ ಇಲ್ಲ, ಬೈಯಲೂ ಇಲ್ಲ. "ಮುಂದೆ ಹೀಗೆ ಆಗಲ್ಲ ಅಂತ ಮಾತು ಕೊಡ್ತೀಯಾ?" ಎಂದು ಕೇಳಿದರು.

ಕೊಡುತ್ತೇನೆ ಎಂದುಬಿಡುವುದು ಸುಲಭವಾಗಿತ್ತು. "ಪುಟ ಕೆಡೋದೇ ಇಲ್ಲ ಅಂತ ಮಾತು ಕೊಡಲಾರೆ ಅಮ್ಮ" ಎಂದಳು. "ಕೆಟ್ಟಾಗ ಕೆಟ್ಟಿದೆ ಅಂತ ತಾನೇ ಹೇಳೋ ಹಾಗೆ ಮಾಡ್ತೀನಿ. ಅಷ್ಟಕ್ಕೆ ಮಾತು ಕೊಡ್ತೀನಿ."

"ಮಾಡಿ ತೋರಿಸು. ಆಮೇಲೆ ನೋಡೋಣ" ಎಂದು ಆಕೆ ಚೀಲ ಎತ್ತಿಕೊಂಡು ಎದ್ದು ಹೋದರು.

ಸೋಮವಾರ ಅವಳು ‘ಇವತ್ತಿನ ದಾರಿ’ ಪುಟವನ್ನು ಮುಚ್ಚಿ, ಕೆಲಸ ಮುಗಿಯುವವರೆಗೆ ಸುದ್ದಿಯನ್ನು ಜಾಲತಾಣದಲ್ಲೇ ನೋಡಿ ಎಂದು ಬರೆದು ಹಾಕಿದಳು. ಆಮೇಲೆ ಒಂಟಿಕಾಲ ಕೊಕ್ಕರೆಯ ಕಟ್ಟನ್ನು ಬಿಚ್ಚಿದಳು. ಒಟ್ಟು ನಾನ್ನೂರ ಮೂವತ್ತು ಸಾಲು. ಕಾಗದದ ಮೇಲೆ ಮುದ್ರಿಸಿಕೊಂಡು, ಪೆನ್ಸಿಲು ಹಿಡಿದು, ತರಗತಿಯ ದಿನಗಳ ಹಾಗೆ ಒಂದೊಂದೇ ಸಾಲು ಓದಿದಳು. ಎಂಟು ದಿನ ಹಿಡಿಯಿತು. ಕೋಡು ಕೆಟ್ಟದ್ದೇನಲ್ಲ, ಅಚ್ಚುಕಟ್ಟಾಗಿಯೇ ಬರೆದಿದ್ದ. ಬರೆದವನ ತಲೆಯಲ್ಲಿ ಇದ್ದದ್ದು ಬೇರೆ ಬಗೆಯ ಪುಟ, ಅಷ್ಟೇ. ಯಾರದೋ ಮದುವೆಯ ಫೋಟೋ ಹದಿನೈದು ನಿಮಿಷ ಹಳೆಯದಾದರೆ ಯಾರಿಗೂ ನಷ್ಟವಿಲ್ಲ. ಲಾಂಚಿನ ಸುದ್ದಿ ಹಾಗಲ್ಲ.

ಮನೆಯಲ್ಲಿ ಊಟದ ಮೇಜಿನ ಮೇಲೂ ಅದೇ ಕಾಗದ. ಅತ್ತೆ ತಟ್ಟೆ ಇಡಲು ಜಾಗ ಮಾಡಿಕೊಳ್ಳುತ್ತಾ ಕೇಳಿದರು, "ಅಷ್ಟು ದಿನದಿಂದ ಏನು ಹುಡುಕ್ತಿದೀಯ ಅದರಲ್ಲಿ?"

ಅವಳು ಆದಷ್ಟು ಸರಳವಾಗಿ ವಿವರಿಸಿದಳು. ಅತ್ತೆಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. "ನಿನ್ನೆ ಮಾಡಿದ್ದನ್ನ ಬಿಸಿ ಮಾಡಿ ಬಡಿಸೋದು ತಪ್ಪೇನಲ್ಲ ಕಣೇ. ನಾನು ಬೇಕಾದಷ್ಟು ಸಲ ಬಡಿಸಿದೀನಿ. ಈಗ ತಾನೇ ಮಾಡಿದ್ದು ಅಂತ ಹೇಳಿ ಬಡಿಸಿದ್ರೆ ತಪ್ಪು" ಎಂದರು. ಅವಳ ಗಂಡ ತಟ್ಟೆಯಿಂದ ತಲೆಯೆತ್ತಿ, "ಯಾವಾಗ ಬಡಿಸಿದ್ದೆ ಅಮ್ಮ?" ಎಂದು ಕೇಳಿದ. "ತಿನ್ನು ಸುಮ್ನೆ" ಎಂದರು.

ಮುಂದಿನ ಎರಡು ವಾರ ಅವಳು ಬರೆದಳು. ಮೊದಲನೆಯದಾಗಿ ಪ್ರತಿ ಸುದ್ದಿಯ ಪಕ್ಕ ಅದನ್ನು ಕೇಳಿ ತಂದ ಹೊತ್ತು ಕಾಣಬೇಕು: ‘ಆರು ಗಂಟೆ ಎರಡು ನಿಮಿಷದ ಸುದ್ದಿ’ ಎಂದು. ಎಲ್ಲಕ್ಕೂ ಒಂದೇ ಹದಿನೈದು ನಿಮಿಷ ಎನ್ನುವುದು ಹೋಯಿತು. ಬೆಳಿಗ್ಗೆ ಐದೂವರೆಯಿಂದ ಏಳೂವರೆವರೆಗೆ ಕ್ಯಾಪ್ಟನ್ ಸುದ್ದಿಯನ್ನು ನಿಮಿಷಕ್ಕೊಮ್ಮೆ, ಬಸ್ಸಿನದನ್ನು ಎರಡು ನಿಮಿಷಕ್ಕೊಮ್ಮೆ, ಸೇತುವೆಯದನ್ನು ಐದು ನಿಮಿಷಕ್ಕೊಮ್ಮೆ ಕೇಳುವುದು. ಬೆರಳು ಮಡಚಿ ಲೆಕ್ಕ ಹಾಕಿದಳು. ಗಂಟೆಗೆ ಅರವತ್ತು, ಮೂವತ್ತು, ಹನ್ನೆರಡು. ಒಟ್ಟು ನೂರಾ ಎರಡು. ಸಾವಿರ ಜನ ಪುಟ ತೆರೆದರೂ ಇನ್ನೂರು ದಾಟುವುದಿಲ್ಲ. ಉತ್ತರ ಬರದಿದ್ದರೆ ಹಳೆಯದರ ಆಯಸ್ಸು ಹೆಚ್ಚಿಸುವುದಿಲ್ಲ, ಮತ್ತೆ ಮತ್ತೆ ಕೇಳುತ್ತಲೇ ಇರುವುದು. ಐದು ನಿಮಿಷವಾದರೂ ಬರದಿದ್ದರೆ ಹಳೆಯ ಸುದ್ದಿಯನ್ನು ಅಳಿಸಿ ‘ಈಗಿನ ಸುದ್ದಿ ಗೊತ್ತಿಲ್ಲ. ಧಕ್ಕೆಗೆ ಫೋನ್ ಮಾಡಿ’ ಎಂದು ತೋರಿಸುವುದು.

ಬರೆದ ಮೇಲೆ ಪರೀಕ್ಷೆ. ತಮ್ಮ ಇನ್ನೊಂದು ಖಾತೆ ತೆರೆದು ಸುಳ್ಳುಸುಳ್ಳು ಸುದ್ದಿ ಹಾಕಿದ: ‘ಲಾಂಚು ಇದೆ’, ‘ಲಾಂಚು ಇಲ್ಲ’, ‘ಲಾಂಚಿಗೆ ನಿದ್ದೆ ಬಂದಿದೆ’. ಅವಳು ಕೌಂಟರಿನಲ್ಲಿ ಕೂತು ಇಂಟರ್ನೆಟ್ಟಿನ ತಂತಿ ಕೀಳುವುದು, ಗಡಿಯಾರ ನೋಡುವುದು, ಹಾಕುವುದು. ಮೊದಲ ದಿನ ಮೂರು ತಪ್ಪು ಸಿಕ್ಕವು. ಎರಡನೆಯ ದಿನ ಎರಡು. ನಾಲ್ಕನೆಯ ದಿನ ಒಂದೂ ಸಿಗಲಿಲ್ಲ. ಅವಳಿಗೆ ನಂಬಿಕೆ ಬರದೆ ಐದನೆಯ ದಿನವೂ ಕಿತ್ತು ಹಾಕಿ ನೋಡಿದಳು. ಆರನೆಯ ದಿನ ಹಾಜರಾದ ಕ್ಯಾಪ್ಟನ್, "ಅಕ್ಕ, ಆ ತಂತಿ ಕೈಮುಗಿದು ಬೇಡ್ಕೊಳ್ತಿದೆ, ಬಿಟ್ಟುಬಿಡು" ಎಂದ.

ಕೊನೆಗೆ ಅಡ್ಡ ಬಂದವರು ಮ್ಯಾನೇಜರು. ಹೊಸ ಪುಟ ನೋಡಿ ಎಲ್ಲವನ್ನೂ ಮೆಚ್ಚಿದರು, ಒಂದು ಪದದ ಮೇಲೆ ಬೆರಳಿಟ್ಟರು. "ಈ ಗೊತ್ತಿಲ್ಲ ಅನ್ನೋದು ಬೇಡ. ಒಂದು ಕಚೇರಿ ತನಗೆ ಗೊತ್ತಿಲ್ಲ ಅಂತ ಬರ್ಕೊಂಡ್ರೆ ಮರ್ಯಾದೆ ಏನು ಉಳೀತು? ‘ಮಾಹಿತಿ ಶೀಘ್ರದಲ್ಲೇ ಲಭ್ಯ’ ಅಂತ ಹಾಕಿ."

"ಶೀಘ್ರ ಅಂದ್ರೆ ಎಷ್ಟೊತ್ತು ಸರ್? ಬಸ್ಸು ಆರು ಇಪ್ಪತ್ತಕ್ಕೆ."

"ಅದು ಒಂದು ಮಾತಿಗೆ..."

"ಆ ಗಾಜಿನ ಹಿಂದೆ ಹತ್ತೊಂಬತ್ತು ವರ್ಷ ಕೂತು ಸಾವಿರ ಸಲ ಗೊತ್ತಿಲ್ಲ ಅಂದಿದೀನಿ ಸರ್. ಯಾರೂ ಬೇಜಾರು ಮಾಡ್ಕೊಳ್ಳಲಿಲ್ಲ, ಬೇರೆ ದಾರಿ ನೋಡ್ಕೊಂಡ್ರು. ಗೊತ್ತಿಲ್ಲದೆ ಗೊತ್ತು ಅಂದಿದ್ದು ಒಂದೇ ಸಲ. ಅವತ್ತು ಏನಾಯ್ತು ಅಂತ ನೀವೇ ನೋಡಿದ್ರಿ."

ಮ್ಯಾನೇಜರು ಕನ್ನಡಕ ಒರೆಸಿದರು. "ಫೋನ್ ಎತ್ತೋರು ಯಾರು ಆ ಹೊತ್ತಲ್ಲಿ? ಕಚೇರಿ ತೆಗೆಯೋದು ಎಂಟಕ್ಕೆ."

"ನಾನು ಐದೂವರೆಗೆ ಬರ್ತೀನಿ. ಮಧ್ಯಾಹ್ನ ಬೇಗ ಬಿಡಿ."

ಅವರು ಕನ್ನಡಕ ಏರಿಸಿಕೊಂಡು, "ನಿಮ್ಮ ಹಠಕ್ಕೆ ನಾನು ಏನು ಹೇಳಲಿ" ಎಂದರು. ಅದನ್ನೇ ಒಪ್ಪಿಗೆ ಎಂದುಕೊಂಡು ಅವಳು ಹೊರಟುಬಂದಳು.

ಪುಟ ಮತ್ತೆ ತೆರೆಯಿತು. ತಾನು ಬದಲಿಸಿದ್ದನ್ನೆಲ್ಲ ಅವಳು ಒಂಟಿಕಾಲ ಕೊಕ್ಕರೆಗೂ ಕಳಿಸಿ, ಆ ಬುಧವಾರ ನಡೆದದ್ದನ್ನು ಬರೆದಿದ್ದಳು. ಹತ್ತು ದಿನದ ಮೇಲೆ ಎರಡು ಸಾಲಿನ ಉತ್ತರ ಬಂತು. ಅವಳ ಬದಲಾವಣೆಯನ್ನು ಲೈಬ್ರರಿಗೆ ಸೇರಿಸಿಕೊಂಡಿದ್ದೇನೆ, ಪುಟ ಎಂದಿಗೂ ಖಾಲಿ ಕಾಣುವುದಿಲ್ಲ ಎಂಬ ಸಾಲನ್ನು ಟಿಪ್ಪಣಿಯಿಂದ ತೆಗೆದಿದ್ದೇನೆ, ಆ ಮೇಷ್ಟ್ರು ಈಗ ಹೇಗಿದ್ದಾರೆ ಎಂದಿತ್ತು. ಚೇತರಿಸಿಕೊಂಡಿದ್ದಾರೆ ಎಂದು ಅವಳು ಬರೆದಳು. ಆದರೆ ಮೇಷ್ಟ್ರ ಹೆಂಡತಿ ಅವಳೊಡನೆ ಇನ್ನೂ ಮಾತಾಡಿರಲಿಲ್ಲ. ವಾರಕ್ಕೆ ಮೂರು ಸಲ ಕೌಂಟರಿನ ಮುಂದೆಯೇ ಗಾಲಿಕುರ್ಚಿ ತಳ್ಳಿಕೊಂಡು ಹೋಗುತ್ತಿದ್ದರು, ಮುಖ ತಿರುಗಿಸುತ್ತಿರಲಿಲ್ಲ.

ಮುಂದಿನ ದೊಡ್ಡ ಗಾಳಿ ಬಂದದ್ದು ಶುಕ್ರವಾರ. ಐದೂವರೆಗೆ ಅವಳು ಬೀಗ ತೆಗೆಯುವಾಗಲೇ ಕಿಟಕಿಗಳು ಬಡಿದುಕೊಳ್ಳುತ್ತಿದ್ದವು. ಆರು ಮೂರಕ್ಕೆ ತಮ್ಮ ‘ನೋಡ್ತಿದೀನಿ, ಆರೂಕಾಲಿಗೆ ಹೇಳ್ತೀನಿ’ ಎಂದು ಹಾಕಿದ. ಆರು ನಾಲ್ಕಕ್ಕೆ ಅದು ಪುಟದ ಮೇಲಿತ್ತು. ನೂರು ಜನ ತೆರೆದರು, ಇನ್ನೂರು ಜನ ತೆರೆದರು. ಜಾಲತಾಣಕ್ಕೆ ಹೋದ ಪ್ರಶ್ನೆಗಳು ಎಪ್ಪತ್ತನ್ನೂ ಮುಟ್ಟಿರಲಿಲ್ಲ. ಆರು ಹತ್ತಕ್ಕೆ ಉತ್ತರ ಬರುವುದು ನಿಂತಿತು. ಆರು ಹನ್ನೊಂದು, ಇಲ್ಲ. ಆರು ಹನ್ನೆರಡು, ಇಲ್ಲ. ಮತ್ತೆ ಜಾಲತಾಣವೇ ಮಲಗಿತ್ತು. ಪುಟದ ಮೇಲೆ ‘ಆರು ಗಂಟೆ ಒಂಬತ್ತು ನಿಮಿಷದ ಸುದ್ದಿ’ ಎಂಬ ಸಾಲು ಇದ್ದಲ್ಲೇ ಇತ್ತು. ಆರು ಹದಿನಾಲ್ಕಕ್ಕೆ ಆ ಸುದ್ದಿಯೂ ಅಳಿಸಿ ‘ಗೊತ್ತಿಲ್ಲ’ ಬಂತು.

ಅರ್ಧ ನಿಮಿಷದಲ್ಲಿ ಫೋನ್ ಹೊಡೆದುಕೊಂಡಿತು. ಅವಳು ಒಂದು ಕೈಯಲ್ಲಿ ಫೋನ್ ಎತ್ತಿ, ಇನ್ನೊಂದರಲ್ಲಿ ವೈರ್‌ಲೆಸ್ ಒತ್ತಿ ಧಕ್ಕೆಯ ತುದಿಗೆ ಕೂಗಿದಳು, "ಲೋ, ಹೇಳೋ! ಹೋಗುತ್ತಾ ಇಲ್ವಾ?"

"ಇಲ್ಲ ಅಕ್ಕ. ಅಲೆ ಧಕ್ಕೆ ಮೇಲೇ ಬರ್ತಿದೆ. ಹಾಕೋಣ ಅಂದ್ರೆ ಜಾಲತಾಣ ತೆಗೀತಾನೇ ಇಲ್ಲ."

"ಲಾಂಚು ಇಲ್ಲ. ಬಸ್ ಹಿಡೀರಿ" ಎಂದು ಹೇಳಿ ಇಟ್ಟಳು. ಇಟ್ಟ ತಕ್ಷಣ ಮತ್ತೆ ಹೊಡೆಯಿತು. ಲಾಂಚು ಇಲ್ಲ, ಬಸ್ ಹಿಡೀರಿ, ಪಕ್ಕದ ಮನೆಯವರಿಗೂ ಹೇಳಿ. ಈ ನಡುವೆ ಎಡಗೈಯಲ್ಲಿ ತನ್ನ ಮೊಬೈಲಿನಿಂದ ಬಸ್ ಡಿಪೋಗೆ ಫೋನ್ ಮಾಡಿದಳು. "ಐದು ನಿಮಿಷ ನಿಲ್ಲಿಸಿ, ಜನ ಬರ್ತಿದಾರೆ."

"ಯಾರು ಮಾತಾಡ್ತಿರೋದು?"

"ಕೌಂಟರಕ್ಕ."

"ಓ, ನೀವಾ. ಐದೇ ನಿಮಿಷ ಆಯ್ತಾ" ಎಂದ ಡಿಪೋದವನು.

ಒಂಬತ್ತನೆಯದೋ ಹತ್ತನೆಯದೋ ಕರೆ. ಆ ಕಡೆಯ ದನಿ ಹೆಸರು ಹೇಳಲಿಲ್ಲ. "ಪುಟದಲ್ಲಿ ಗೊತ್ತಿಲ್ಲ ಅಂತಿದೆ. ಏನು ಮಾಡಲಿ?" ಗಾಲಿಕುರ್ಚಿಯ ಕಿರ್‌ಕಿರ್ ಸದ್ದು ಹಿಂದೆ ಕೇಳುತ್ತಿತ್ತು.

"ಲಾಂಚು ಇಲ್ಲ ಅಮ್ಮ. ಬಸ್ಸನ್ನ ಆರು ಇಪ್ಪತ್ತೈದರವರೆಗೆ ನಿಲ್ಲಿಸಿದೀನಿ. ಹೊರಡಿ."

"ಸರಿ" ಎಂದು ಫೋನಿಟ್ಟರು.

ಬಸ್ಸು ಆರು ಇಪ್ಪತ್ತಾರಕ್ಕೆ ಕಿಕ್ಕಿರಿದು ಹೊರಟಿತು. ಗಾಲಿಕುರ್ಚಿಯನ್ನು ಮಡಚಿ ಹಿಂದಿನ ಬಾಗಿಲಿನಿಂದ ಹತ್ತಿಸಿದರೆಂದು ಆಮೇಲೆ ಡಿಪೋದವನೇ ಹೇಳಿದ. ಏಳೂವರೆಗೆ ಧಕ್ಕೆಯಲ್ಲಿ ನಿಂತಿದ್ದವರು ಮೂರೇ ಜನ. ಅವರೂ ಗಾಳಿ ನೋಡಲು ಬಂದವರು.

ಎಂಟಕ್ಕೆ ತಮ್ಮ ಒದ್ದೆ ಕೋಟಿನಲ್ಲಿ ಒಳಗೆ ಬಂದಾಗ ಅವಳು ದಾಖಲೆ ತೆರೆದು ಕೂತಿದ್ದಳು. "ಮತ್ತೇನು ಸಿಕ್ತು?" ಎಂದು ಕೇಳಿದ.

"ಆರು ಹದಿನಾಲ್ಕಕ್ಕೆ ಸರ್ವರ್ ಒಂದೇ ಸೆಕೆಂಡಲ್ಲಿ ಏಳು ಸಲ ಕೇಳಿದೆ. ಹಳೇದು ಅಳಿಸಿದ ಹೊತ್ತಿಗೇ ಏಳು ಜನ ಒಟ್ಟಿಗೆ ಪುಟ ತೆಗೆದಿದಾರೆ, ಏಳು ಜನಕ್ಕೂ ಒಂದೊಂದು ಸಲ ಓಡಿದೆ. ಒಂದು ಸಲ ಸಾಕಿತ್ತು."

"ಇವತ್ತೊಂದು ದಿನ ಸುಮ್ನೆ ಕೂತ್ಕೋಬಾರದಾ?"

"ಕೂತೇ ಇದೀನಲ್ಲೋ" ಎಂದು ಅವಳು ಕೋಡಿನ ಕಡತ ತೆರೆದಳು.

ಮಧ್ಯಾಹ್ನ ಗಾಳಿ ತಗ್ಗಿ, ಮೂರರ ಲಾಂಚು ಆಚೆ ದಡದಿಂದ ಜನರನ್ನು ಕರೆತಂದಿತು. ಕಾಯುವ ಕೋಣೆಯ ಬೆಂಚಿನ ಪಕ್ಕ ಗಾಲಿಕುರ್ಚಿ ನಿಂತಿತು. ಡಯಾಲಿಸಿಸ್ ಮುಗಿಸಿ ಬಂದ ಮೇಷ್ಟ್ರು ಸುಸ್ತಾಗಿದ್ದರು, ಆದರೂ ಫೋನನ್ನು ತೋಳುದ್ದ ಹಿಡಿದು ಏನನ್ನೋ ದಿಟ್ಟಿಸುತ್ತಿದ್ದರು. ಬೆಳಿಗ್ಗೆ ಹೆಂಡತಿ ಪುಟದ ಚಿತ್ರ ತೆಗೆದಿಟ್ಟುಕೊಂಡಿದ್ದರಂತೆ. ಕೌಂಟರಕ್ಕ ಅಳುಕುತ್ತಲೇ ಹತ್ತಿರ ಹೋದಳು.

"ಇದನ್ನ ಬರೆದಿದ್ದು ನೀನೇನಮ್ಮ?" ಎಂದರು ಮೇಷ್ಟ್ರು.

"ಹೌದು ಮೇಷ್ಟ್ರೇ."

"ಹಳದಿ ಮೇಲೆ ಬಿಳಿ ಅಕ್ಷರ ಯಾರಾದ್ರೂ ಬರೀತಾರಾ? ನಲವತ್ತು ವರ್ಷ ಬಣ್ಣ ಹೇಳಿಕೊಟ್ಟಿದೀನಿ, ಇಂಥಾದ್ದು ನೋಡಿಲ್ಲ. ಗೊತ್ತಿಲ್ಲ ಅನ್ನೋದೇ ಇಲ್ಲಿ ಮುಖ್ಯವಾದ ಮಾತು, ಅದೇ ಕಾಣಲ್ಲ. ಇವಳು ಕಣ್ಣು ಕಿರಿದು ಮಾಡ್ಕೊಂಡು ಓದಿದಳು."

ಆಕೆ ಚೀಲದಿಂದ ನೀರಿನ ಬಾಟಲಿ ತೆಗೆದು ಗಂಡನಿಗೆ ಕೊಟ್ಟು, ಬೆಂಚಿನ ಮೇಲೆ ತಮ್ಮ ಪಕ್ಕದಲ್ಲಿದ್ದ ಕೊಡೆಯನ್ನು ಎತ್ತಿ ಕೆಳಗಿಟ್ಟು ಜಾಗ ಮಾಡಿದರು.

ಕೌಂಟರಕ್ಕ ಒಳಗೆ ಹೋಗಿ ಲ್ಯಾಪ್‌ಟಾಪ್ ತಂದು ಅಲ್ಲೇ ಕೂತಳು. "ಕಪ್ಪು ಹಾಕಲಾ ಮೇಷ್ಟ್ರೇ?"

"ಕಪ್ಪು ಹಾಕು. ದಪ್ಪ ಮಾಡು. ಇನ್ನೂ ದಪ್ಪ. ಸುತ್ತ ಸ್ವಲ್ಪ ಖಾಲಿ ಬಿಡು."

ಅವಳು ಬಿಟ್ಟಳು. ಮೇಷ್ಟ್ರು ತಲೆಯನ್ನು ಆಚೀಚೆ ವಾಲಿಸಿ ನೋಡಿದರು. ಹೆಂಡತಿಯೂ ಬಗ್ಗಿ ನೋಡಿದರು.

"ಹಾಂ, ಈಗ ಓದಬಹುದು" ಎಂದರು ಆಕೆ.